ಪೊಟ್ಟಣದ ಮೇಲೆ ಬರೆಯದೆ ಬಿಟ್ಟ ಹೆಸರು

ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಕುಸ್ವಾರಿನ ಸಿದ್ಧತೆ ಪ್ರಾರಂಭವಾಗುತ್ತದೆ. ಹಿಂದೆ ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ತುಕ್ಡಿ ಎಲ್ಲವೂ ಮನೆಯ ಒಲೆಯ ಮೇಲೆಯೇ ಆಗುತ್ತಿದ್ದವು. ಈಗ ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಮನೆಯಲ್ಲಿ ಉಳಿದ ಇಬ್ಬರು ಹಿರಿಯರಿಗೆ ಅಡಿಕೆ ಕೊಯ್ಲು ಮುಗಿಸಿ ಬಾಣಲೆ ಇಡುವಷ್ಟು ತ್ರಾಣವಿರುವುದಿಲ್ಲ. ಹಾಗಾಗಿ ಪೊಟ್ಟಣದ ಕುಸ್ವಾರ್ ಕೊಳ್ಳುವುದು ರೂಢಿಯಾಗಿದೆ. ನಮ್ಮ ಸ್ತ್ರೀ ಸಂಘಟನೆಯ ಹಲವು ಸಹೋದರಿಯರು ಇದನ್ನು ಮಾಡಿ ಮಾರಿ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಕಳೆದ ಕ್ರಿಸ್ಮಸ್ ಸಮಯದಲ್ಲಿ ನಡೆದ ಒಂದು ಘಟನೆಯನ್ನು, ಸಂಬಂಧಪಟ್ಟ ಎರಡೂ ಮನೆಯವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮೊಮ್ಮಗಳಿಗೆ ಆರು ವರ್ಷ. ಗೇರುಬೀಜ ಅವಳಿಗೆ ಒಗ್ಗುವುದಿಲ್ಲ. ಗೇರು ತೋಟದ ಮನೆಯ ಮಗುವಿಗೇ ಹೀಗೆ! ಹಿಂದೊಮ್ಮೆ ಪಾಯಸ ಕುಡಿದು ತುಟಿ ಊದಿಕೊಂಡಾಗ ವೈದ್ಯರು ಪರೀಕ್ಷಿಸಿ, ಗೇರುಬೀಜವನ್ನು ಕೊಡಲೇಬಾರದೆಂದು ಹೇಳಿದ್ದರು. ರಜೆಗೆ ಬಂದಿದ್ದ ಮಗು ನೆವ್ರಿ ಬೇಕೆಂದಾಗ ಅವಳ ತಾಯಿ ಪೊಟ್ಟಣದೊಳಗಿದ್ದ ಚೀಟಿಯನ್ನು ಎರಡು ಸಲ ಓದಿದಳು. ಮೈದಾ, ತೆಂಗಿನ ತುರಿ, ಸಕ್ಕರೆ, ಎಳ್ಳು, ಏಲಕ್ಕಿ, ತೆಂಗಿನೆಣ್ಣೆ ಎಂದಷ್ಟೇ ಇತ್ತು. ಧೈರ್ಯದಿಂದ ಕೊಟ್ಟಳು. ಹತ್ತು ನಿಮಿಷದೊಳಗೆ ಮಗುವಿನ ಮೈಮೇಲೆ ದದ್ದುಗಳೆದ್ದವು, ವಾಂತಿಯಾಯಿತು, ಉಸಿರಾಟದಲ್ಲಿ ಸೀಟಿಯಂಥ ಸದ್ದು ಬರತೊಡಗಿತು. ಪಿತ್ತದ ಗಂಧೆ ಇರಬಹುದೆಂದು ಪುನರ್ಪುಳಿ ಶರಬತ್ತು ಮಾಡಲು ಹೊರಟವರೂ ಇದ್ದರು. ಮಗುವಿನ ತಾಯಿ ಯಾರ ಮಾತಿಗೂ ಕಾಯದೆ ನೆರೆಮನೆಯ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ತೊಡೆಗೆ ಒಂದು ಚುಚ್ಚುಮದ್ದು ಕೊಟ್ಟರು. ದೇವರ ದಯೆ, ಮಗು ಉಳಿಯಿತು.

ನೆವ್ರಿ ಮಾಡಿದ ಸಹೋದರಿ ಮರುದಿನ ಅಳುತ್ತಾ ಬಂದಳು. "ಅಕ್ಕಾ, ಮನೆಯಲ್ಲಿ ಗೇರುಬೀಜದ ಚೂರು ಉಳಿದಿತ್ತು. ಹಬ್ಬಕ್ಕೆ ರುಚಿಯಾಗಲಿ ಎಂದು ಕೊನೆಯ ಪಾಕಕ್ಕೆ ಒಂದು ಹಿಡಿ ಹುಡಿ ಮಾಡಿ ಹಾಕಿದೆ. ಚೀಟಿ ಮೊದಲೇ ಅಚ್ಚಾಗಿತ್ತು," ಎಂದಳು. ಮೋಸ ಮಾಡಬೇಕೆಂದು ಯಾರೂ ಗೇರುಬೀಜ ಹಾಕುವುದಿಲ್ಲ. ಅದು ಎಳ್ಳಿಗಿಂತ, ತೆಂಗಿಗಿಂತ ಬೆಲೆಯುಳ್ಳದ್ದು. ಅವಳ ಧಾರಾಳತನವೇ ಮಗುವಿಗೆ ವಿಷವಾಗಿತ್ತು. ನನ್ನ ತಂಗಿ ಹೇಳಿದ ಮಾತು ಇಷ್ಟೆ: "ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ್ತಿ. ಉಳಿದ ಪೊಟ್ಟಣ ಯಾರ್ಯಾರ ಮನೆಗೆ ಹೋಗಿದೆ, ಅದನ್ನು ಮೊದಲು ಹೇಳು."

ಅಂದು ಸಂಜೆಯೇ ವಾಳೆಯ ಗುರಿಕಾರರು ಮನೆಮನೆಗೆ ಹೋದರು. ಆದಿತ್ಯವಾರ ಬಲಿಪೂಜೆಯ ಕೊನೆಗೆ ಗುರುಗಳು ಪ್ರಕಟಣೆ ಓದಿದರು. ಆ ಪಾಕದಿಂದ ಮಾರಾಟವಾದದ್ದು 32 ಪೊಟ್ಟಣ. 19 ಹಿಂದೆ ಬಂದವು. 12 ಅಷ್ಟರಲ್ಲಿ ಒಡೆದು ತಿಂದಾಗಿತ್ತು. ಒಂದು ಯಾರದೋ ಪೆಟ್ಟಿಗೆಯಲ್ಲಿ ದುಬಾಯಿಗೆ ಹೋಗಿತ್ತು. ಅಲ್ಲಿಗೂ ಫೋನ್ ಮಾಡಿ ತಿಳಿಸಲಾಯಿತು. ಇದೇ ಕೆಲಸವನ್ನು ದೊಡ್ಡ ಕಂಪೆನಿಗಳು ಸಾವಿರಾರು ಅಂಗಡಿಗಳಿಂದ ಮಾಡಿದಾಗ ಅದಕ್ಕೆ 'ರಿಕಾಲ್' ಎನ್ನುತ್ತಾರೆ. ಅಂದರೆ ಮಾರಿದ ಮಾಲನ್ನು ಹಿಂದಕ್ಕೆ ಕರೆಸಿಕೊಳ್ಳುವುದು. ಕೊಳೆತ ಆಹಾರ, ಕ್ರಿಮಿ ಬಿದ್ದ ಆಹಾರ ಹಿಂದಕ್ಕೆ ಹೋಗುವುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅಮೆರಿಕದಂಥ ದೇಶಗಳಲ್ಲಿ ಆಹಾರ ಹಿಂದಕ್ಕೆ ಕರೆಸಿಕೊಳ್ಳಲು ಇರುವ ಪ್ರಮುಖ ಕಾರಣಗಳಲ್ಲಿ ಒಂದು, ಒಳಗಿರುವ ಪದಾರ್ಥದ ಹೆಸರನ್ನು ಪೊಟ್ಟಣದ ಮೇಲೆ ಬರೆಯದೆ ಬಿಟ್ಟದ್ದು. ಆಹಾರ ಶುದ್ಧವಾಗಿಯೇ ಇರುತ್ತದೆ, ರುಚಿಯಾಗಿಯೂ ಇರುತ್ತದೆ. ಒಂದು ಹೆಸರು ಮಾತ್ರ ಇರುವುದಿಲ್ಲ.

ಅಲರ್ಜಿ ಎಂದರೇನು?

ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ರಕ್ಷಣಾ ವ್ಯವಸ್ಥೆಯಿದೆ. ಕೆಲವರಲ್ಲಿ ಅದು ನಿರಪಾಯಕಾರಿ ಆಹಾರದ ಪ್ರೋಟೀನನ್ನೇ ಶತ್ರುವೆಂದು ತಪ್ಪು ತಿಳಿಯುತ್ತದೆ. ಮುಂದಿನ ಸಲ ಆ ಆಹಾರ ಹೊಟ್ಟೆಗೆ ಹೋದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಚರ್ಮ ಕೆಂಪಾಗಿ ತುರಿಸುತ್ತದೆ, ತುಟಿ, ನಾಲಗೆ ಊದುತ್ತವೆ, ಶ್ವಾಸನಾಳ ಕಿರಿದಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇದರ ತೀವ್ರ ರೂಪಕ್ಕೆ ವೈದ್ಯರು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಚಿಕಿತ್ಸೆ ತಡವಾದರೆ ಪ್ರಾಣ ಹೋಗಬಹುದು. ಕೆಲವರಿಗೆ ಇದಕ್ಕೆ ಹಿಡಿ ತುಂಬ ಬೇಕಾಗಿಲ್ಲ, ಒಂದು ಚೂರು ಸಾಕು.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಬೇಕು. ಗೇರುಬೀಜ ಸುಲಿಯುವಾಗ ಸಿಪ್ಪೆಯ ಎಣ್ಣೆ ತಾಗಿ ಕೈ ಸುಡುವುದು, ಚರ್ಮ ಏಳುವುದು ನಮಗೆಲ್ಲ ಗೊತ್ತು. ಅದು ಬೇರೆ, ಸಿಪ್ಪೆಯ ಎಣ್ಣೆಯ ತೀಕ್ಷ್ಣತೆಯಿಂದ ಆಗುವಂಥದ್ದು. ಇಲ್ಲಿ ಹೇಳುತ್ತಿರುವುದು ತಿರುಳಿನ ಪ್ರೋಟೀನಿನಿಂದ ಆಗುವ ಅಲರ್ಜಿ. ಹುರಿದರೂ ಕರಿದರೂ ಅದು ಹೋಗುವುದೆಂದು ನಂಬುವಂತಿಲ್ಲ. ಗೇರುಬೀಜ ಒಗ್ಗದ ಹೆಚ್ಚಿನವರಿಗೆ ಪಿಸ್ತಾ ಕೂಡ ಒಗ್ಗುವುದಿಲ್ಲ, ಏಕೆಂದರೆ ಎರಡೂ ಒಂದೇ ಕುಟುಂಬದ ಮರಗಳು.

ಒಂದು ಸಾವು, ಒಂದು ಕಾನೂನು

ಇದು ಎಷ್ಟು ಗಂಭೀರವೆಂದು ತಿಳಿಯಲು ಇಂಗ್ಲೆಂಡಿನ ಒಂದು ಪ್ರಕರಣವನ್ನು ನೋಡೋಣ. 2016ರ ಜುಲೈ 17ರಂದು ನತಾಶಾ ಎಡ್ನನ್-ಲಪರೂಸ್ ಎಂಬ 15 ವರ್ಷದ ಹುಡುಗಿ ಲಂಡನ್ನಿನ ಹೀತ್ರೋ ವಿಮಾನ ನಿಲ್ದಾಣದ ಅಂಗಡಿಯೊಂದರಲ್ಲಿ ಉದ್ದನೆಯ ರೊಟ್ಟಿಯ ಸ್ಯಾಂಡ್‌ವಿಚ್ ಕೊಂಡಳು. ಅವಳಿಗೆ ಎಳ್ಳು ಒಗ್ಗುತ್ತಿರಲಿಲ್ಲ. ರೊಟ್ಟಿಯ ಮೇಲೆ ಎಳ್ಳು ಕಾಣಿಸಲಿಲ್ಲ. ಅದು ಹಿಟ್ಟಿನೊಳಗೇ ಬೆರೆತಿತ್ತು. ಪೊಟ್ಟಣದ ಮೇಲೆ ಎಳ್ಳಿನ ಹೆಸರಿರಲಿಲ್ಲ. ಫ್ರಾನ್ಸಿನ ನೀಸ್ ನಗರಕ್ಕೆ ಹೋಗುವ ವಿಮಾನದಲ್ಲಿ ಅವಳಿಗೆ ತೀವ್ರ ಅಲರ್ಜಿಯಾಯಿತು. ತಂದೆ ತಮ್ಮಲ್ಲಿದ್ದ ಎರಡು ಚುಚ್ಚುಮದ್ದುಗಳನ್ನೂ ಕೊಟ್ಟರು. ಆದರೂ ಅವಳು ಬದುಕಲಿಲ್ಲ.

ಅಂಗಡಿಯಲ್ಲೇ ತಯಾರಿಸಿ ಅಲ್ಲೇ ಕಟ್ಟಿ ಮಾರುವ ತಿಂಡಿಗೆ ಪ್ರತಿಯೊಂದು ಪೊಟ್ಟಣದ ಮೇಲೂ ಪದಾರ್ಥಗಳ ಪಟ್ಟಿ ಬೇಕೆಂಬ ಕಡ್ಡಾಯ ಆಗ ಅಲ್ಲಿನ ಕಾನೂನಿನಲ್ಲಿ ಇರಲಿಲ್ಲ. ಮಗಳನ್ನು ಕಳೆದುಕೊಂಡ ತಂದೆತಾಯಿ ಅದಕ್ಕಾಗಿ ಹೋರಾಡಿದರು. 2021ರ ಅಕ್ಟೋಬರ್ 1ರಿಂದ ಅಂಥ ಪೊಟ್ಟಣಗಳ ಮೇಲೂ ಎಲ್ಲ ಪದಾರ್ಥಗಳ ಹೆಸರು, ಅಲರ್ಜಿ ತರುವವುಗಳನ್ನು ಎದ್ದು ಕಾಣುವಂತೆ, ಬರೆಯಲೇಬೇಕಾಯಿತು. ಜನ ಅದನ್ನು ನತಾಶಾಳ ಕಾನೂನು ಎಂದೇ ಕರೆಯುತ್ತಾರೆ.

ತಪ್ಪು ಎಲ್ಲಿ ಆಗುತ್ತದೆ?

ಬರೆಯದ ಪದಾರ್ಥ ಪೊಟ್ಟಣದೊಳಗೆ ಸೇರುವ ದಾರಿಗಳು ಹಲವು.

ಮೊದಲನೆಯದು, ಪಾಕ ಬದಲಾಗಿ ಚೀಟಿ ಬದಲಾಗದಿರುವುದು. ನಮ್ಮ ವಾಳೆಯಲ್ಲಿ ನಡೆದದ್ದು ಇದೇ.

ಎರಡನೆಯದು, ಒಂದು ತಿಂಡಿಯನ್ನು ಇನ್ನೊಂದರ ಪೊಟ್ಟಣಕ್ಕೆ ತುಂಬುವುದು. ಖಾರದ ಅವಲಕ್ಕಿಯ ಎರಡು ಬಗೆಗಳಲ್ಲಿ ಒಂದಕ್ಕೆ ನೆಲಗಡಲೆ ಇದೆ, ಇನ್ನೊಂದಕ್ಕೆ ಇಲ್ಲ ಎಂದಿಟ್ಟುಕೊಳ್ಳಿ. ಸಂಜೆಯ ಅವಸರದಲ್ಲಿ ಪೊಟ್ಟಣ ಅದಲುಬದಲಾದರೆ ಸಾಕು.

ಮೂರನೆಯದು, ಒಂದೇ ಬಾಣಲೆ, ಒಂದೇ ಎಣ್ಣೆ, ಒಂದೇ ಗಿರಣಿ. ನೆಲಗಡಲೆ ಕರಿದ ಎಣ್ಣೆಯಲ್ಲೇ ಬಾಳೆಕಾಯಿ ಚಿಪ್ಸ್ ಕರಿದರೆ ಕಡಲೆಯ ಅಂಶ ಚಿಪ್ಸಿಗೂ ಅಂಟುತ್ತದೆ. ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿ ಬೀಸಿದರೆ ಅಕ್ಕಿಹಿಟ್ಟಿನಲ್ಲಿ ಗೋಧಿ ಸೇರಿರುತ್ತದೆ.

ನಾಲ್ಕನೆಯದು, ಪದಾರ್ಥದೊಳಗಿನ ಪದಾರ್ಥ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಇಂಗು. ಅಂಗಡಿಯಲ್ಲಿ ದೊರೆಯುವ ಇಂಗಿನ ಹುಡಿ ಶುದ್ಧ ಇಂಗಲ್ಲ. ಬಹಳ ತೀಕ್ಷ್ಣವಾದ ಇಂಗಿನ ಅಂಟನ್ನು ಗೋಂದು ಮತ್ತು ಗೋಧಿ ಅಥವಾ ಅಕ್ಕಿಯ ಹಿಟ್ಟಿನೊಡನೆ ಬೆರೆಸಿ ಅದನ್ನು ತಯಾರಿಸುತ್ತಾರೆ. ಅಕ್ಕಿ, ಉದ್ದಿನ ಚಕ್ಕುಲಿಗೆ ಒಂದು ಚಿಟಿಕೆ ಇಂಗು ಹಾಕಿದವರು 'ಇದರಲ್ಲಿ ಗೋಧಿಯಿಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಇಂಗಿನ ಡಬ್ಬಿಯನ್ನು ತಿರುಗಿಸಿ ಓದದೆ ಹಾಗೆ ಹೇಳುವಂತಿಲ್ಲ.

ಐದನೆಯದು ಕೃಷಿಕರಾದ ನಮಗೆ ನೇರವಾಗಿ ಸಂಬಂಧಿಸಿದ್ದು: ಹೊಲ, ಕಣ, ಗೋಣಿ, ಲಾರಿಗಳಲ್ಲಿ ಆಗುವ ಬೆರಕೆ. 2016ರ ಜೂನ್ ತಿಂಗಳಲ್ಲಿ ಅಮೆರಿಕದ ಹೋಸ್ಟೆಸ್ ಎಂಬ ಕಂಪೆನಿ ಸುಮಾರು 7,10,000 ಪೆಟ್ಟಿಗೆ ಕೇಕು, ಡೋನಟ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದರ ಅಡುಗೆಮನೆಯಲ್ಲಿ ತಪ್ಪಾಗಿರಲಿಲ್ಲ. ಹೊರಗಿನ ಗಿರಣಿಯಿಂದ ಕೊಂಡ ಗೋಧಿಹಿಟ್ಟಿನಲ್ಲಿಯೇ ನೆಲಗಡಲೆಯ ಅಂಶವಿತ್ತು. ಅದಕ್ಕೂ ಮೊದಲು, 2014ರ ಕೊನೆಯಿಂದ 2015ರವರೆಗೆ, ಜೀರಿಗೆ ಹುಡಿಯಲ್ಲಿ ನೆಲಗಡಲೆಯ ಅಂಶ ಕಂಡುಬಂದು ಅಮೆರಿಕದಲ್ಲಿ ನೂರಾರು ಬಗೆಯ ಆಹಾರಗಳು ಹಿಂದಕ್ಕೆ ಹೋದವು. ಜೀರಿಗೆ ಮಸಾಲೆಗೆ ಹೋಗುತ್ತದೆ, ಮಸಾಲೆ ತಿಂಡಿಗೆ ಹೋಗುತ್ತದೆ. ಒಂದು ಚೀಲದ ತಪ್ಪು ನೂರು ಪೊಟ್ಟಣಗಳಿಗೆ ಹರಡುತ್ತದೆ.

2024ರ ಸೆಪ್ಟೆಂಬರಿನಲ್ಲಿ ಇದೇ ತೊಂದರೆ ನಮ್ಮ ದೇಶದ ಸಾಸಿವೆಗೆ ಬಂತು. ಬ್ರಿಟನ್ನಿನ ಆಹಾರ ಇಲಾಖೆ ಸಾಸಿವೆ ಹುಡಿ ಸೇರಿದ ಹಲವು ಆಹಾರಗಳಲ್ಲಿ ನೆಲಗಡಲೆಯ ಅಂಶವಿರುವುದಾಗಿ ತಿಳಿಸಿ, ಕಡಲೆ ಒಗ್ಗದವರು ಸಾಸಿವೆಯಿರುವ ಯಾವುದನ್ನೂ ತಿನ್ನಬಾರದೆಂದು ಎಚ್ಚರಿಸಿತು. ಆ ಸಾಸಿವೆಯ ಮೂಲ ಭಾರತವೆಂದು ಹೇಳಿತು. ಮುಂದೆ ಆ ಎಚ್ಚರಿಕೆಯನ್ನು ಹಿಂತೆಗೆಯಲಾಯಿತು. ಆದರೂ ಇದರಲ್ಲಿ ನಮಗೆ ಪಾಠವಿದೆ: ನಮ್ಮ ಅಂಗಳದಲ್ಲಿ ಗುಡಿಸದೆ ಬಿಟ್ಟದ್ದು ಸಮುದ್ರ ದಾಟಿ ಯಾರದೋ ಮಗುವಿನ ತಟ್ಟೆ ಸೇರಬಹುದು.

ನಮ್ಮ ದೇಶದ ನಿಯಮ

ಭಾರತದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ, ತಾನು ಮಾರಿದ ಆಹಾರ ನಿಯಮಕ್ಕೆ ವಿರುದ್ಧವಾಗಿದೆ ಎಂದು ತಿಳಿದೊಡನೆ ಅದನ್ನು ಹಿಂದಕ್ಕೆ ಕರೆಸಿಕೊಳ್ಳುವುದು ತಯಾರಕನ ಹೊಣೆ. ಅದರ ವಿಧಾನಕ್ಕೆಂದೇ 2017ರಲ್ಲಿ ಬೇರೆ ನಿಯಮಾವಳಿ ಬಂತು. ಈ ಮಾತು ನಮ್ಮ ಮನೆಮನೆಗೆ ತಿಳಿದದ್ದು ಮ್ಯಾಗಿ ನೂಡಲ್ಸ್ ಪ್ರಕರಣದಿಂದ. 2015ರ ಜೂನಿನಲ್ಲಿ ಸೀಸದ ಅಂಶದ ಜೊತೆಗೆ, 'ಎಂ.ಎಸ್.ಜಿ. ಸೇರಿಸಿಲ್ಲ' ಎಂದು ಪೊಟ್ಟಣದ ಮೇಲೆ ಅಚ್ಚಾಗಿದ್ದ ಮಾತೂ ಆಕ್ಷೇಪಕ್ಕೆ ಗುರಿಯಾಯಿತು. ಸಾವಿರಾರು ಟನ್ನು ನೂಡಲ್ಸ್ ಅಂಗಡಿಗಳಿಂದ ಹಿಂದೆ ಹೋಗಿ ನಾಶವಾಯಿತು. ಆ ನಿಷೇಧವನ್ನು ಅದೇ ವರ್ಷದ ಆಗಸ್ಟಿನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು; ನವೆಂಬರಿನಲ್ಲಿ ಅದು ಮತ್ತೆ ಮಾರಾಟಕ್ಕೆ ಬಂತು.

2020ರ ಲೇಬಲ್ ನಿಯಮಾವಳಿ ಎಂಟು ಬಗೆಯ ಪದಾರ್ಥಗಳನ್ನು ಅಲರ್ಜಿಕಾರಕವೆಂದು ಪ್ರತ್ಯೇಕವಾಗಿ ತಿಳಿಸಬೇಕೆನ್ನುತ್ತದೆ. ಅವು: ಗೋಧಿ, ಬಾರ್ಲಿ ಮೊದಲಾದ ಗ್ಲುಟೆನ್ ಇರುವ ಧಾನ್ಯಗಳು, ಸಿಗಡಿ, ಏಡಿಯಂಥವು, ಹಾಲು, ಮೊಟ್ಟೆ, ಮೀನು, ನೆಲಗಡಲೆ ಮತ್ತು ಗೇರುಬೀಜ, ಬಾದಾಮಿಯಂಥ ಮರದ ಬೀಜಗಳು, ಸೋಯಾ, ಒಂದು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಇರುವ ಸಲ್ಫೈಟ್. ಎಳ್ಳು ಮತ್ತು ಸಾಸಿವೆ ಈ ಎಂಟರಲ್ಲಿ ಇಲ್ಲ ಎಂಬುದನ್ನು ಗಮನಿಸಿರಿ. ಅವು ಒಗ್ಗದವರು ಅಲರ್ಜಿಯ ಸಾಲನ್ನು ಮಾತ್ರ ನೋಡಿದರೆ ಸಾಲದು, ಪದಾರ್ಥಗಳ ಪೂರ್ತಿ ಪಟ್ಟಿಯನ್ನು ಓದಬೇಕು.

ಕಾನೂನೊಂದೇ ಎಲ್ಲವನ್ನೂ ಮಾಡಲಾರದು. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಅಲರ್ಜಿಯ ಪಟ್ಟಿಗೆ ಸೇರಿಸಿದರು. ಆಗ ಕೆಲವು ಬೇಕರಿಯವರು ಯಂತ್ರಗಳನ್ನು ತೊಳೆದು ಎಳ್ಳನ್ನು ದೂರವಿಡುವ ಬದಲು, ತಮ್ಮ ರೊಟ್ಟಿಗೆ ಬೇಕೆಂದೇ ಸ್ವಲ್ಪ ಎಳ್ಳುಹುಡಿ ಬೆರೆಸಿ 'ಎಳ್ಳು ಇದೆ' ಎಂದು ಬರೆದುಬಿಟ್ಟರು. ಅಕ್ಷರಕ್ಕೆ ಅಕ್ಷರ ಕಾನೂನು ಪಾಲನೆಯಾಯಿತು. ಎಳ್ಳು ಒಗ್ಗದ ಮಕ್ಕಳಿಗೆ ಮೊದಲು ಸಿಗುತ್ತಿದ್ದ ರೊಟ್ಟಿಯೂ ಇಲ್ಲದಾಯಿತು. ನೆರೆಯವನ ಮೇಲಿನ ಪ್ರೀತಿಯಿಲ್ಲದೆ ಪಾಲಿಸಿದ ನಿಯಮದ ಗತಿ ಇದು.

ಕೊಳ್ಳುವವರು ಗಮನಿಸಬೇಕಾದದ್ದು

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ಲೇಬಲಿನ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ನಿಯಮಕ್ಕೆ ಸಾಕು. ಇಲ್ಲಿನ ಅಂಗಡಿಗಳಲ್ಲಿ ಅದರ ಜೊತೆಗೆ ಮಲಯಾಳವೂ ಇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿಗೆ ಮೊಮ್ಮಗುವಿನ ತಿಂಡಿಯ ಪೊಟ್ಟಣ ಓದಲಾಗುವುದಿಲ್ಲ. ಆದ್ದರಿಂದ ಒಗ್ಗದ ಪದಾರ್ಥದ ಇಂಗ್ಲಿಷ್ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಒಂದು ಚೀಟಿಯಲ್ಲಿ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಇದು ಚಿಕ್ಕ ಕೆಲಸ. ಅಕ್ಷರಗಳ ಆಕಾರ ನೋಡಿ ಹೋಲಿಸಿದರೂ ಸಾಕು.

ಒಂದೇ ವಸ್ತುವಿಗೆ ಹಲವು ಹೆಸರುಗಳಿವೆ. ನೆಲಗಡಲೆಗೆ ಪೀನಟ್, ಗ್ರೌಂಡ್‌ನಟ್, ಎಳ್ಳಿಗೆ ಸೆಸಮಿ, ಜಿಂಜೆಲ್ಲಿ, ಗೇರುಬೀಜಕ್ಕೆ ಕ್ಯಾಶ್ಯೂ. ವೇ ಪೌಡರ್, ಕೇಸಿನೇಟ್, ಮಿಲ್ಕ್ ಸಾಲಿಡ್ಸ್ ಎಂದರೆ ಹಾಲಿನ ಅಂಶ. ಸೆಮೊಲಿನಾ ಎಂದರೆ ರವೆ, ಅಂದರೆ ಗೋಧಿ. ಆಲ್ಬುಮಿನ್ ಎಂದಿದ್ದರೆ ಮೊಟ್ಟೆಯಿರಬಹುದು.

ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಅಪಾಯ ಮಾಡುವ ವಸ್ತು ಹೆಚ್ಚಾಗಿ ಕೊನೆಯ ಸಾಲಿನಲ್ಲಿರುತ್ತದೆ, ಅಲ್ಲಿಯವರೆಗೂ ಓದಿರಿ. ಪ್ರತಿ ಸಲ ಕೊಳ್ಳುವಾಗಲೂ ಓದಿರಿ, ಏಕೆಂದರೆ ಅದೇ ಹೆಸರಿನ ತಿಂಡಿಯ ಪಾಕ ಬದಲಾಗಿರಬಹುದು. ತಿಂದು ಮುಗಿಯುವವರೆಗೆ ಪೊಟ್ಟಣವನ್ನು ಬಿಸಾಡಬೇಡಿ. ಮಾಲು ಹಿಂದಕ್ಕೆ ಕರೆಸುವಾಗ ಅದರ ಮೇಲಿನ ಬ್ಯಾಚ್ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಬರೆಯದ ಪದಾರ್ಥದಿಂದ ತೊಂದರೆಯಾದರೆ ಆ ಪೊಟ್ಟಣ, ಬಿಲ್ಲು, ಉಳಿದ ತಿಂಡಿ ಮೂರನ್ನೂ ಇಟ್ಟುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿರಿ. ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ದೂರವಾಣಿ 1800 112 100.

ಮಾಡಿ ಮಾರುವವರಿಗೆ

ನಮ್ಮಲ್ಲಿ ಹಪ್ಪಳ, ಹಲಸಿನ ಚಿಪ್ಸ್, ಚಕ್ಕುಲಿ, ಕುಸ್ವಾರ್ ಮಾಡುವ ಸಂಘಗಳಿವೆ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ರೂಪಿಸಿದ ವಿಧಾನದಿಂದ ತೆಂಗಿನ ಚಿಪ್ಸ್ ಮಾಡಿಯೂ ಮಾರಬಹುದು. ಬೆಳೆಗೆ ಬೆಲೆಯಿಲ್ಲದ ವರ್ಷ ಇಂಥ ಕೆಲಸವೇ ಮನೆಗೆ ಆಧಾರ. ಅವರಿಗಾಗಿ ಕೆಲವು ಸೂಚನೆಗಳು:

1. ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಿ. ಆ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಲಿ.

2. ಪಾಕವನ್ನು ಪುಸ್ತಕದಲ್ಲಿ ಬರೆದಿಡಿರಿ. ಒಂದು ಚಿಟಿಕೆ ಬದಲಾದರೂ ಚೀಟಿ ಬದಲಾಗಬೇಕು. ಹೊಸ ಚೀಟಿ ಇಲ್ಲವಾದರೆ ಆ ಪಾಕ ಮಾರಾಟಕ್ಕಲ್ಲ, ಮನೆಗೆ.

3. ಕೊಂಡು ತಂದ ಇಂಗು, ಮಸಾಲೆ, ಮಾರ್ಗರಿನ್‌ಗಳ ಪೊಟ್ಟಣವನ್ನು ಮೊದಲು ಓದಿ, ಅದರೊಳಗಿನ ಪದಾರ್ಥಗಳನ್ನೂ ನಿಮ್ಮ ಚೀಟಿಯಲ್ಲಿ ಸೇರಿಸಿರಿ.

4. ಗೇರುಬೀಜ, ನೆಲಗಡಲೆ, ಎಳ್ಳು ಇಲ್ಲದ ತಿಂಡಿಗಳನ್ನು ಬೆಳಗ್ಗೆ ತೊಳೆದ ಪಾತ್ರೆ, ಹೊಸ ಎಣ್ಣೆಯಲ್ಲಿ ಮೊದಲು ಮಾಡಿರಿ. ಅವು ಇರುವಂಥದ್ದನ್ನು ಕೊನೆಗೆ ಮಾಡಿರಿ. ಗಾಣದ ಕಡಲೆ ಎಣ್ಣೆಯಲ್ಲಿ ಕಡಲೆಯ ಪ್ರೋಟೀನ್ ಉಳಿದಿರುತ್ತದೆ. ಬಳಸಿದರೆ ಅದನ್ನು ಬರೆಯಿರಿ.

5. ಪ್ರತಿ ಪಾಕಕ್ಕೂ ತಾರೀಕು ಮತ್ತು ಸಂಖ್ಯೆ ಇರಲಿ. ಯಾವ ಅಂಗಡಿಗೆ, ಯಾರ ಮನೆಗೆ ಎಷ್ಟು ಹೋಯಿತೆಂದು ಬರೆದಿಡಿರಿ. ಕಳೆದ ವರ್ಷ ನಮ್ಮವರು ಎರಡೇ ದಿನಗಳಲ್ಲಿ 32 ಪೊಟ್ಟಣಗಳ ಲೆಕ್ಕ ಹಿಡಿದದ್ದು ಆ ಸಹೋದರಿ ಬರೆದಿಟ್ಟಿದ್ದ ಹಳೆಯ ನೋಟುಪುಸ್ತಕದಿಂದ.

ಬೆಳೆಯುವವರಿಗೆ

ಹೊಲದಿಂದ ಹಾಗೆಯೇ ಹೋಗುವ ಬೆಳೆಗೆ ಅಲರ್ಜಿಯ ಲೇಬಲ್ ಬೇಕೆಂಬ ನಿಯಮವಿಲ್ಲ. ಹಾಗೆಂದು ಹೊಣೆಯಿಲ್ಲವೆಂದಲ್ಲ. ಗೇರುಬೀಜ ಅಥವಾ ನೆಲಗಡಲೆ ತುಂಬಿದ್ದ ಗೋಣಿಯಲ್ಲಿ ಕಾಳುಮೆಣಸು, ಅಕ್ಕಿ ತುಂಬಬೇಡಿ. ಒಂದನ್ನು ಒಣಗಿಸಿದ ಚಾಪೆ, ಅಂಗಳವನ್ನು ಚೆನ್ನಾಗಿ ಗುಡಿಸದೆ ಇನ್ನೊಂದನ್ನು ಹರಡಬೇಡಿ. ಕೊಬ್ಬರಿಗೆ ಬೂಸಲು ಹಿಡಿಯದಂತೆ ಗಂಧಕದ ಹೊಗೆ ಕೊಡುವವರಿದ್ದಾರೆ. ಅದರಿಂದ ಉಳಿಯುವ ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳಲ್ಲಿ ಉಸಿರಾಟದ ತೊಂದರೆ ತರಬಲ್ಲದು. ತಿನ್ನುವ ಕೊಬ್ಬರಿಗೆ ಗಂಧಕ ಬೇಡ. ಬಿಸಿಲಿಲ್ಲದಾಗ ಹೊಗೆ ತಾಗದ ಒಣಗಿಸುವ ಗೂಡನ್ನು ಬಳಸಿರಿ. ಗಂಧಕ ಕೊಟ್ಟದ್ದಾದರೆ ಕೊಳ್ಳುವವನಿಗೆ ಬಾಯಿಬಿಟ್ಟು ಹೇಳಿರಿ.

ಗೋಧಿ ಮತ್ತು ಪರಮಪ್ರಸಾದ

ಸೀಲಿಯಾಕ್ ಎಂಬ ಕಾಯಿಲೆಯಿರುವವರಿಗೆ ಗೋಧಿಯ ಗ್ಲುಟೆನ್ ಕರುಳನ್ನು ಕೆಡಿಸುತ್ತದೆ. ಇದು ಮೇಲೆ ಹೇಳಿದ ತಕ್ಷಣದ ಅಲರ್ಜಿಯಲ್ಲ. ನಿಧಾನವಾಗಿ ರಕ್ತಹೀನತೆ, ಭೇದಿ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಇದರ ಲಕ್ಷಣಗಳು. ನಮ್ಮ ಕಡೆ ಉತ್ತರ ಭಾರತಕ್ಕಿಂತ ವಿರಳವಾದರೂ ಇಲ್ಲವೆಂದಿಲ್ಲ. ಅಂಥವರು ಪರಮಪ್ರಸಾದದ ಬಗ್ಗೆ ಸಂಕೋಚಪಟ್ಟು ಸುಮ್ಮನಿರಬಾರದು. ರೋಮಿನಿಂದ 2003ರಲ್ಲಿಯೂ 2017ರಲ್ಲಿಯೂ ಬಂದ ಪತ್ರಗಳು ಇದನ್ನು ಸ್ಪಷ್ಟಪಡಿಸಿವೆ. ಗ್ಲುಟೆನ್ ಪೂರ್ತಿ ತೆಗೆದ ಓಸ್ತಿ ಬಲಿಪೂಜೆಗೆ ಸಲ್ಲುವುದಿಲ್ಲ, ಅತಿ ಕಡಿಮೆ ಗ್ಲುಟೆನ್ ಇರುವ ಓಸ್ತಿ ಸಲ್ಲುತ್ತದೆ. ಅದೂ ಒಗ್ಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು. ಗುರುಗಳಿಗೆ ಮುಂಚಿತವಾಗಿ ತಿಳಿಸಿದರೆ ಸಾಕು.

ಆಪತ್ತಿನ ಹೊತ್ತಿಗೆ

ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಯೆಲ್ಲ ದದ್ದು, ತುಟಿ, ನಾಲಗೆಯ ಊತ, ಧ್ವನಿ ಕಟ್ಟುವುದು, ಉಸಿರಾಟದ ಕಷ್ಟ, ಮತ್ತೆಮತ್ತೆ ವಾಂತಿ, ತಲೆಸುತ್ತು ಕಂಡರೆ ಅಪಾಯವೆಂದು ತಿಳಿಯಿರಿ. ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಪುನರ್ಪುಳಿ ಒಳ್ಳೆಯ ಪಾನೀಯ, ಆದರೆ ಮುಚ್ಚುತ್ತಿರುವ ಶ್ವಾಸನಾಳವನ್ನು ಅದು ತೆರೆಯಲಾರದು. ಅಲರ್ಜಿಯ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ. ಇದಕ್ಕೆ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ವಿದೇಶಗಳಲ್ಲಿ ರೋಗಿಗಳೇ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಅಡ್ರಿನಲಿನ್ ದುಬಾರಿ ಮದ್ದಲ್ಲ, ಆಸ್ಪತ್ರೆಗಳಲ್ಲಿ ಇರುತ್ತದೆ. ಹತ್ತಿರದ ಆಸ್ಪತ್ರೆಗೆ ಧಾವಿಸಿರಿ. 108ಕ್ಕೆ ಕರೆ ಮಾಡಿರಿ.

ರೋಗಿಯನ್ನು ಅಂಗಾತ ಮಲಗಿಸಿ ಕಾಲನ್ನು ಎತ್ತರಿಸಿರಿ. ಉಸಿರಾಟ ಕಷ್ಟವಾದರೆ ಕುಳ್ಳಿರಿಸಬಹುದು. ಒಮ್ಮೆಲೇ ಎಬ್ಬಿಸಿ ನಿಲ್ಲಿಸುವುದು, ನಡೆಸುವುದು ಅಪಾಯ. 'ಈ ಪದಾರ್ಥ ಒಗ್ಗುವುದಿಲ್ಲ, ಇದನ್ನು ತಿಂದಿದ್ದಾನೆ' ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿರಿ, ಪೊಟ್ಟಣವನ್ನೂ ಒಯ್ಯಿರಿ. ಚೇತರಿಸಿಕೊಂಡ ಮೇಲೂ ಕೆಲವರಲ್ಲಿ ಕೆಲವು ಗಂಟೆಗಳ ಅನಂತರ ಲಕ್ಷಣಗಳು ಮರಳಿ ಬರುವುದರಿಂದ ವೈದ್ಯರು ಬಿಡುವವರೆಗೆ ಮನೆಗೆ ಹೊರಡಬೇಡಿ.

ಕೊನೆಯದಾಗಿ

ಸುಳ್ಳು ಸಾಕ್ಷಿ ಹೇಳಬಾರದೆಂಬ ಕಟ್ಟಳೆಯನ್ನು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಪೊಟ್ಟಣದ ಮೇಲಿನ ಚೀಟಿಯೂ ಒಂದು ಸಾಕ್ಷಿಯೇ. ನಮ್ಮನ್ನು ನೋಡದ, ನಮ್ಮನ್ನು ಕೇಳಲಾರದ ಒಬ್ಬ ತಾಯಿಗೆ ನಾವು ಕೊಡುವ ಮಾತು ಅದು. ಅದರಲ್ಲಿ ತಪ್ಪಾದರೆ ಮುಚ್ಚಿಡುವುದು ಇನ್ನೂ ದೊಡ್ಡ ತಪ್ಪು. ಪಾಪನಿವೇದನೆಯಲ್ಲಿ ಬಾಯಿಬಿಟ್ಟು ಹೇಳಿ, ಆದ ನಷ್ಟವನ್ನು ಸರಿಪಡಿಸಬೇಕೆಂದು ನಮಗೆ ಕಲಿಸಿದ್ದಾರಲ್ಲವೇ? ಮಾರಿದ ಮಾಲನ್ನು ಹಿಂದಕ್ಕೆ ಕರೆಸುವುದೂ ಅಂಥದ್ದೇ.

ಆ ಸಹೋದರಿ ಇನ್ನು ಕುಸ್ವಾರ್ ಮಾಡುವುದೇ ಇಲ್ಲವೆಂದು ಹಟ ಹಿಡಿದಿದ್ದಳು. ಅವಳನ್ನು ಒಪ್ಪಿಸಿದ್ದು ನನ್ನ ತಂಗಿಯೇ. ಈ ವರ್ಷದ ಅವಳ ಚೀಟಿಯನ್ನು ನಾನು ನೋಡಿದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇದೆ. ಕೆಳಗೆ ದಪ್ಪ ಅಕ್ಷರಗಳಲ್ಲಿ 'ಗೋಧಿ, ಎಳ್ಳು ಇದೆ. ಗೇರುಬೀಜ ಬಳಸುವ ಅಡುಗೆಮನೆಯಲ್ಲಿ ತಯಾರಿಸಿದ್ದು' ಎಂದು ಅಚ್ಚು ಹಾಕಿಸಿದ್ದಾಳೆ. ಮಗುವಿಗೆ ಈ ಸಲವೂ ಆ ನೆವ್ರಿ ಇಲ್ಲ. ಅವಳ ಅಜ್ಜಿ ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತಾಳೆ. ಆದರೆ ಚೀಟಿ ಓದಿದ ಮಗುವಿನ ತಾಯಿ, "ಈಗ ನನಗೆ ಧೈರ್ಯವಾಗಿ 'ಬೇಡ' ಎನ್ನಬಹುದು," ಎಂದಳು.

ಎಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು. ಕುಸ್ವಾರ್ ಹಂಚುವ ಮೊದಲು ಅದರೊಳಗೆ ಏನಿದೆಯೆಂದು ಹೇಳಿ ಹಂಚಿರಿ.